ಗಲ್ಫ್ ಫ್ಲ್ಯಾಟಿನ ತುಂಟ ಮಗು: ಹನ್ನೆರಡು ತಾಸು ಒಬ್ಬಳೇ ಉಮ್ಮ, ಕೈಯಲ್ಲೊಂದು ಮೊಬೈಲ್

ಬೆಳಿಗ್ಗೆ ಆರೂವರೆಗೆ ಗಂಡ ಕಂಪೆನಿ ಬಸ್ ಹತ್ತುತ್ತಾನೆ. ಏಳಕ್ಕೆ ಮಗು ಏಳುತ್ತದೆ. ಅಲ್ಲಿಂದ ರಾತ್ರಿ ಏಳೆಂಟರವರೆಗೆ ಆ ಫ್ಲ್ಯಾಟಿನಲ್ಲಿ ಇರುವುದು ಇಬ್ಬರೇ: ಉಮ್ಮ ಮತ್ತು ಎರಡು ವರ್ಷದ ಮೋನು. ಹತ್ತು ಗಂಟೆಯೊಳಗೆ ಅಕ್ಕಿ ಡಬ್ಬ ಮಗುಚಿ ಆಗಿರುತ್ತದೆ, ಸೋಫಾದ ಬೆನ್ನ ಮೇಲೆ ನಿಂತು ಹಾರಿ ಆಗಿರುತ್ತದೆ, ಕೆಳಗಿನ ಮನೆಯವರು ಒಮ್ಮೆ ಬಂದು ಬೆಲ್ ಒತ್ತಿ ಹೋಗಿರುತ್ತಾರೆ. ಹನ್ನೊಂದಕ್ಕೆ ಅಡುಗೆಗೆ ನಿಲ್ಲಬೇಕು. ಆಗ ಉಮ್ಮ ಮಾಡುವುದು ಒಂದೇ ಕೆಲಸ. ಮೊಬೈಲ್ ತೆಗೆದು ಕಾರ್ಟೂನ್ ಹಾಕಿ ಮಗುವಿನ ಕೈಗೆ ಕೊಡುತ್ತಾಳೆ. ಮನೆ ಒಮ್ಮೆಲೇ ಸ್ತಬ್ಧ.

ದುಬೈ, ಶಾರ್ಜಾ, ದಮ್ಮಾಮ್, ಜುಬೈಲ್, ದೋಹಾ, ಕುವೈತ್ ಎಲ್ಲೇ ಇರಲಿ, ಫ್ಯಾಮಿಲಿ ವೀಸಾದಲ್ಲಿರುವ ಬ್ಯಾರಿ ಮನೆಗಳಲ್ಲಿ ಈ ದಿನಚರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಊರಿಗೆ ಫೋನ್ ಮಾಡಿದರೆ ಸಿಗುವ ಉತ್ತರಗಳೂ ಒಂದೇ ತರ. "ಅವನ ಉಪ್ಪ ಕೂಡ ಹೀಗೇ ಇದ್ದ" ಅಂತ ಒಬ್ಬರು, "ಕಣ್ಣು ತಾಗಿರಬೇಕು, ಊದಿಸು" ಅಂತ ಇನ್ನೊಬ್ಬರು, "ನೀನೇ ಮುದ್ದು ಮಾಡಿ ಹಾಳು ಮಾಡಿದ್ದು" ಅಂತ ಮೂರನೆಯವರು. ಮೂರನೆಯ ಮಾತು ಅನ್ಯಾಯದ್ದು.

ಏಕೆಂದರೆ ಮಗುವಿನ ತುಂಟತನ ಬಹುಪಾಲು ಹುಟ್ಟಿನಿಂದಲೇ ಬರುವಂಥದ್ದು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಶುರು ಮಾಡಿ, ಮಕ್ಕಳನ್ನು ಎಳೆತನದಿಂದ ದೊಡ್ಡವರಾಗುವವರೆಗೂ ಗಮನಿಸುತ್ತಾ ಹೋದರು. ಎಷ್ಟು ಓಡಾಡುತ್ತದೆ, ಹೊಸಬರನ್ನು ಕಂಡರೆ ಹೇಗಿರುತ್ತದೆ, ಹಟ ಎಷ್ಟು ಹೊತ್ತು ಹಿಡಿಯುತ್ತದೆ, ನಿದ್ದೆ ಹಸಿವಿಗೆ ಹೊತ್ತುಗೊತ್ತು ಇದೆಯೇ ಎಂಬಂಥ 9 ಗುಣಗಳನ್ನು ಅವರು ಗುರುತಿಸಿದರು. ಸುಮಾರು ನೂರಕ್ಕೆ ಹತ್ತು ಮಕ್ಕಳು ಎಲ್ಲದರಲ್ಲೂ ಜೋರು ಎಂದು ಕಂಡುಬಂತು. ಅವರ ಅಧ್ಯಯನದ ಮುಖ್ಯ ಮಾತು ಬೇರೆಯೇ ಇದೆ: ತೊಂದರೆ ಆಗುವುದು ಮಗುವಿನ ಸ್ವಭಾವದಿಂದ ಮಾತ್ರ ಅಲ್ಲ, ಆ ಸ್ವಭಾವಕ್ಕೂ ಅದು ಬೆಳೆಯುವ ಜಾಗಕ್ಕೂ ಹೊಂದಿಕೆ ಆಗದಿದ್ದಾಗ.

ಗಲ್ಫ್‌ನಲ್ಲಿ ಆಗುವುದು ಇದೇ. ಇದೇ ಮಗು ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಪುತ್ತೂರಿನ ತೋಟದ ಮನೆಯಲ್ಲೋ ಇದ್ದಿದ್ದರೆ ಯಾರೂ ಅದನ್ನು ತುಂಟ ಎನ್ನುತ್ತಿರಲಿಲ್ಲ. ಅಂಗಳದಲ್ಲಿ ಕೋಳಿ ಅಟ್ಟುತ್ತಾ, ಅಡಿಕೆ ರಾಶಿಯ ಮೇಲೆ ಕುಣಿಯುತ್ತಾ, ದೊಡ್ಡಪ್ಪನ ಮಕ್ಕಳ ಹಿಂದೆ ಓಡುತ್ತಾ ಮಗ್ರಿಬ್ ಹೊತ್ತಿಗೆ ಸುಸ್ತಾಗಿ ಮಲಗಿಬಿಡುತ್ತಿತ್ತು. ಅಲ್ಲಿ ಮಗುವನ್ನು ನೋಡುವುದು ಒಬ್ಬಳ ಕೆಲಸವೇ ಅಲ್ಲ, ಅಜ್ಜಿಯ ಮಡಿಲಿಂದ ನಾದಿನಿಯ ಸೊಂಟಕ್ಕೆ, ಅಲ್ಲಿಂದ ಪಕ್ಕದ ಮನೆಗೆ ಕೈ ದಾಟುತ್ತಲೇ ಇರುತ್ತದೆ. ಗಲ್ಫ್‌ನಲ್ಲಿ ಅಷ್ಟೂ ಜನರ ಪಾಲಿನ ಕೆಲಸ ಒಬ್ಬಳೇ ಹೆಣ್ಣಿನ ತಲೆ ಮೇಲೆ. ಅದೂ ಒಂದು ಬೆಡ್‌ರೂಮಿನ ಮನೆಯಲ್ಲಿ. ಶೇರಿಂಗ್ ಫ್ಲ್ಯಾಟ್ ಆದರೆ ಒಂದೇ ಕೋಣೆ, ಜತೆಗೆ ಇನ್ನೊಂದು ಕುಟುಂಬದ ಮುಖ ನೋಡಿಕೊಂಡು ಮಗುವನ್ನು ಸುಮ್ಮನಿರಿಸುವ ಕಷ್ಟ.

ಹೊರಗೆ ಬಿಡೋಣ ಎಂದರೆ ಬಿಸಿಲು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವುದೇ ನಿಷೇಧ. ದೊಡ್ಡವರಿಗೇ ಹೀಗಾದರೆ ಎರಡು ವರ್ಷದ ಮಗುವನ್ನು ಪಾರ್ಕಿಗೆ ಒಯ್ಯುವುದು ಹೇಗೆ? ಆದರೆ ಮಗುವಿನ ಕಾಲುಗಳಿಗೆ ಇದು ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಮೂರು ತಾಸು! ಒಂದೇ ಸಲ ಆಗಬೇಕೆಂದಿಲ್ಲ, ದಿನವಿಡೀ ಹಂಚಿ ಆದರೂ ಸಾಕು. ಕಟ್ಟಿಹಾಕಿದಂತೆ ಸ್ಟ್ರಾಲರ್‌ನಲ್ಲೋ ಕುರ್ಚಿಯಲ್ಲೋ ಒಂದೇ ಸಮನೆ ಒಂದು ತಾಸಿಗಿಂತ ಹೆಚ್ಚು ಕೂರಿಸಬಾರದು. ಒಂದೆರಡು ವರ್ಷದವರಿಗೆ ಹಗಲು ನಿದ್ದೆ ಸೇರಿ 11ರಿಂದ 14 ತಾಸು ನಿದ್ದೆ ಬೇಕು. ಸೋಫಾದಿಂದ ಹಾರುವ ಮಗು ತನ್ನ ಮೂರು ತಾಸಿನ ಲೆಕ್ಕ ತಾನೇ ಚುಕ್ತಾ ಮಾಡುತ್ತಿದೆ, ಅಷ್ಟೆ.

ಅಲ್ಲಿ ವರ್ಷಗಟ್ಟಲೆ ಇದ್ದ ತಾಯಂದಿರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಫಜ್ರ್ ನಮಾಝ್ ಮುಗಿದ ಮೇಲೆ ಬಿಸಿಲೇರುವ ಮುಂಚೆ ಕಟ್ಟಡದ ಸುತ್ತ ಒಂದು ಸುತ್ತು. ಮಧ್ಯಾಹ್ನ ದಪ್ಪ ಹಾಸಿಗೆ ನೆಲಕ್ಕೆ ಎಳೆದು ಅದರ ಮೇಲೆ ಕುಣಿತ, ಕೆಳಗಿನ ಮನೆಯವರಿಗೂ ನೆಮ್ಮದಿ. ಹನ್ನೊಂದರ ಅಡುಗೆ ಹೊತ್ತಿಗೆ ಒಲೆಯಿಂದ ದೂರ ಕೂರಿಸಿ ಒಂದು ಪಾತ್ರೆ ಹಿಟ್ಟು, ಎರಡು ಸೌಟು, ಸಿಪ್ಪೆ ಸುಲಿಯದ ಬಟಾಟೆ. ಮನೆ ಗಲೀಜಾಗುತ್ತದೆ ನಿಜ. ಆದರೆ ಮೊಬೈಲ್ ಕಸಿದುಕೊಂಡಾಗಿನ ಕಿರುಚಾಟಕ್ಕಿಂತ ಹಿಟ್ಟು ಗುಡಿಸುವುದೇ ವಾಸಿ. ಚಳಿಗಾಲದ ಸಂಜೆಗಳಲ್ಲಿ ಮಾತ್ರ ಕಾರ್ನಿಶ್‌ಗೂ ಪಾರ್ಕಿಗೂ ಹೋಗುವುದನ್ನು ತಪ್ಪಿಸಬಾರದು, ಆ ನಾಲ್ಕೈದು ತಿಂಗಳೇ ಅಲ್ಲಿನ ಮಕ್ಕಳ ಅಂಗಳ.

ಮೊಬೈಲ್ ವಿಷಯಕ್ಕೆ ಬಂದರೆ, ಅದೇ ಮಾರ್ಗಸೂಚಿ ಹೇಳುವಂತೆ ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಊರಿನ ಅಜ್ಜಿಯ ವೀಡಿಯೋ ಕಾಲ್ ಮಾತ್ರ ಬೇರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕಟ್ಟುನಿಟ್ಟಿನ ಸಲಹೆ ಕೊಟ್ಟಾಗಲೂ ವೀಡಿಯೋ ಕಾಲ್‌ಗೆ ವಿನಾಯಿತಿ ಇಟ್ಟಿತ್ತು. ಅಜ್ಜಿ ಮಗುವಿಗೆ ಉತ್ತರ ಕೊಡುತ್ತಾಳೆ, ಕಾರ್ಟೂನ್ ಕೊಡುವುದಿಲ್ಲ. ದುಬೈಗಿಂತ ಊರು ಒಂದೂವರೆ ತಾಸು ಮುಂದೆ, ಸೌದಿ, ಕತಾರ್, ಕುವೈತ್‌ಗಿಂತ ಎರಡೂವರೆ ತಾಸು. ಅಲ್ಲಿ ಅಡುಗೆ ಶುರುವಾಗುವಾಗ ಇಲ್ಲಿ ಊಟದ ಹೊತ್ತು. ಫೋನನ್ನು ಎತ್ತರದಲ್ಲಿ ಒರಗಿಸಿಟ್ಟರೆ ಅರ್ಧ ತಾಸು ಅಜ್ಜಿಯೇ ಮಗುವನ್ನು ಮಾತಾಡಿಸಿಕೊಂಡಿರುತ್ತಾಳೆ. ಎಷ್ಟೋ ಮನೆಗಳಲ್ಲಿ ಹೀಗೆ ಸಮುದ್ರದಾಚೆಯಿಂದಲೇ ಮಗು ನೋಡಿಕೊಳ್ಳುವ ಕೆಲಸ ನಡೆಯುತ್ತಿದೆ.

ಇದರಲ್ಲೇ ಇನ್ನೊಂದು ಲಾಭವಿದೆ, ಮಾತಿನದ್ದು. ಎರಡು ವರ್ಷವಾದರೂ ಮಗು ಮಾತಾಡದಿದ್ದರೆ ಗಲ್ಫ್‌ನ ತಾಯಿ ಮೊದಲು ಸಂಶಯಪಡುವುದು ಬ್ಯಾರಿ ಭಾಷೆಯನ್ನು. "ಮನೆಯಲ್ಲಿ ಬ್ಯಾರಿ, ಟಿವಿಯಲ್ಲಿ ಇಂಗ್ಲಿಷ್, ಪಕ್ಕದ ಮನೆಯಲ್ಲಿ ಹಿಂದಿ, ಅಂಗಡಿಯಲ್ಲಿ ಮಲಯಾಳಂ, ಮಗುವಿಗೆ ಗೊಂದಲ ಆಗಿದೆ" ಎಂದು ಯಾರೋ ಹೇಳುತ್ತಾರೆ. ಅಂದಿನಿಂದ ಮನೆಯಲ್ಲಿ ಬರೀ "ಕಮ್, ಸಿಟ್, ನೋ ನೋ". ಹಲವು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಎರಡು ವರ್ಷಕ್ಕೆ ಸುಮಾರು 50 ಪದ ಬರಬೇಕು ಎನ್ನುತ್ತಾರಲ್ಲ, ಅದನ್ನು ಎಲ್ಲ ಭಾಷೆ ಸೇರಿಸಿ ಎಣಿಸಬೇಕು. ಬ್ಯಾರಿ ಇಪ್ಪತ್ತೈದು, ಹಿಂದಿ ಹತ್ತು, ಇಂಗ್ಲಿಷ್ ಹದಿನೈದು ಬಂದರೆ ಲೆಕ್ಕ ಸರಿ ಇದೆ.

ಇದನ್ನು ನಂಬದವರು ಕರ್ನಾಟಕ-ಮಹಾರಾಷ್ಟ್ರ ಗಡಿಯತ್ತ ನೋಡಬಹುದು. ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ, ಅದಕ್ಕೆ ಅಂಟಿಕೊಂಡಿರುವ ಕಬನೂರು ಪವರ್‌ಲೂಮ್ ಊರುಗಳು. ಮಗ್ಗದ ಕೆಲಸ ಹುಡುಕಿ ಕರ್ನಾಟಕದಿಂದಲೂ ಉತ್ತರ ಭಾರತದಿಂದಲೂ ಬಂದವರ ಮಕ್ಕಳು ಅಲ್ಲಿನ ಓಣಿಗಳಲ್ಲಿ ಬೆಳೆಯುತ್ತಾರೆ. ಮನೆಯಲ್ಲಿ ಕನ್ನಡವೋ ದಖ್ಖನಿಯೋ, ಬೀದಿಯಲ್ಲಿ ಮರಾಠಿ, ಮಗ್ಗದ ಶೆಡ್ಡಿನಲ್ಲಿ ಹಿಂದಿ. ಅವರೂ ಊರು ಬಿಟ್ಟವರೇ, ಅವರ ಮಕ್ಕಳೂ ತುಂಟರೇ. ಮೂರು ಭಾಷೆ ಕೇಳಿ ಮಗು ಮೂಕಾಗುತ್ತದೆ ಎಂಬ ಭಯ ಮಾತ್ರ ಅಲ್ಲಿಗೆ ತಲುಪಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲೇ ಬ್ಯಾರಿ, ತುಳು, ಕನ್ನಡ ಮೂರನ್ನೂ ಉಸಿರಿನಷ್ಟು ಸಲೀಸಾಗಿ ಆಡುವವರು ಎಷ್ಟು ಜನ!

ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. ಅದರ ಪುಸ್ತಕಗಳು ಬರಲಿ, ಕಾರ್ಯಕ್ರಮಗಳು ನಡೆಯಲಿ. ಆದರೆ ಈ ಭಾಷೆ ಇಷ್ಟು ಶತಮಾನ ಉಳಿದದ್ದು ಉಮ್ಮಂದಿರ ಬಾಯಲ್ಲಿ. ಶಾರ್ಜಾದ ಫ್ಲ್ಯಾಟಿನಲ್ಲಿ ಉಮ್ಮ ಬ್ಯಾರಿ ಬಿಟ್ಟರೆ ಆ ಮಗುವಿಗೆ ಅದನ್ನು ಕೊಡಲು ಬೇರೆ ಯಾರೂ ಇಲ್ಲ. ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿಯೂ ಮೊಮ್ಮಗನೂ ಮುಖ ಮುಖ ನೋಡಿ ನಗುವುದಷ್ಟೇ ಉಳಿಯುತ್ತದೆ.

ಹಾಗಂತ ಮಾತು ತಡವಾಗುವುದನ್ನೆಲ್ಲ "ಗಂಡು ಮಕ್ಕಳು ಲೇಟು" ಎಂದು ತಳ್ಳಿಹಾಕಲೂಬಾರದು. ವರ್ಷ ತುಂಬಿದರೂ ಕೈ ತೋರಿಸಿ ಕೇಳುವುದಿಲ್ಲ, ತೊದಲುವುದಿಲ್ಲ. 16 ತಿಂಗಳಿಗೆ ಒಂದೂ ಪದವಿಲ್ಲ. ಎರಡು ವರ್ಷಕ್ಕೆ "ಉಪ್ಪ ಬಾ" ಎಂಬಂತೆ ಎರಡು ಪದ ಜೋಡಿಸುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಇಲ್ಲವೇ ಬಂದಿದ್ದ ಮಾತು ನಿಂತುಹೋಗಿದೆ. ಇವುಗಳಲ್ಲಿ ಯಾವುದಿದ್ದರೂ ಮುಂದಿನ ರಜೆಗೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು, ಮೊದಲಿಗೆ ಕಿವಿಯ ಪರೀಕ್ಷೆ ಆಗಬೇಕು. ಊರಿಗೆ ಬಂದವರಿಗೆ ಮಂಗಳೂರಿನಲ್ಲೇ ವಾಕ್ ಮತ್ತು ಶ್ರವಣ ಕಾಲೇಜುಗಳಿವೆ, ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ತುಂಟತನವನ್ನು ಸಹಿಸಬಹುದು, ಅಪಾಯವನ್ನು ಸಹಿಸಲಾಗದು. ಊರಿನ ಮನೆಯಲ್ಲಿ ಬಾವಿ, ಕೆರೆಗೆ ಹೆದರುತ್ತೇವೆ. ಗಲ್ಫ್‌ನಲ್ಲಿ ಹೆದರಬೇಕಾದದ್ದು ಕಿಟಕಿಗೆ. ಹತ್ತನೇ ಮಹಡಿಯ ಕಿಟಕಿಯ ಕೆಳಗೆ ಸೋಫಾ ಅಥವಾ ಮಂಚ ಇದ್ದರೆ ಅದೇ ಏಣಿ. ಕಿಟಕಿ 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸಬೇಕು, ಬಾಲ್ಕನಿಯಲ್ಲಿ ಕುರ್ಚಿ, ಖಾಲಿ ಡಬ್ಬ ಇಡಬಾರದು. ಜಾಲರಿಯನ್ನು ನಂಬಬಾರದು, ಅದು ಸೊಳ್ಳೆ ತಡೆಯುತ್ತದೆ, ಮಗುವನ್ನಲ್ಲ. ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ, ಹೊಸದಾಗಿ ಬಂದವರಿಗೆ ಇದು ಹೊಳೆಯುವುದಿಲ್ಲ. ಶುಕ್ರವಾರ ಬುಖೂರ್ ಹಾಕಿ ಕೆಂಡದ ಪಾತ್ರೆಯನ್ನು ನೆಲದಲ್ಲಿಡುವುದೂ ಅಷ್ಟೇ. ಇನ್ನೊಂದು ತಿಗಣೆ ಔಷಧ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕದ್ದುಮುಚ್ಚಿ ತಂದು ಕೋಣೆಯಲ್ಲಿಟ್ಟು ಬೀಗ ಹಾಕಿ ಹೋಗುವವರಿದ್ದಾರೆ. ಅದರ ವಿಷಗಾಳಿ ಗೋಡೆಯ ಸಂದಿಯಿಂದ ಪಕ್ಕದ ಮನೆಗೆ ನುಸುಳಿ ಮಕ್ಕಳು ತೀರಿಕೊಂಡ ಘಟನೆಗಳು ಯುಎಇಯಲ್ಲಿ ನಡೆದಿವೆ. ಅಕ್ಕಪಕ್ಕದಲ್ಲಿ ಔಷಧ ಹೊಡೆದ ದಿನ ಮಗು ಕಾರಣವಿಲ್ಲದೆ ವಾಂತಿ ಮಾಡಿದರೆ ಮನೆಮದ್ದು ಮಾಡುತ್ತಾ ಕೂರಬಾರದು, ತಕ್ಷಣ ಮನೆಯಿಂದ ಹೊರಬಂದು ಆಸ್ಪತ್ರೆಗೆ ಓಡಬೇಕು.

ಕಾರಿನಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸುವುದು ನಮ್ಮವರ ದೊಡ್ಡ ರೂಢಿ. ಯುಎಇಯಲ್ಲಿ 2017ರ ಜುಲೈ 1ರಿಂದ ನಾಲ್ಕು ವರ್ಷದೊಳಗಿನವರಿಗೆ ಚೈಲ್ಡ್ ಸೀಟ್ ಕಡ್ಡಾಯ, ತಪ್ಪಿದರೆ 400 ದಿರ್ಹಮ್ ದಂಡ, 4 ಬ್ಲ್ಯಾಕ್ ಪಾಯಿಂಟ್. ಜೋರು ಮಗು ಮೊದಲ ವಾರ ಸೀಟಿನಲ್ಲಿ ಬೊಬ್ಬೆ ಹೊಡೆಯುತ್ತದೆ. ಒಮ್ಮೆ ಸೋತು ಎತ್ತಿಕೊಂಡರೆ, ಮರುದಿನ ಇನ್ನೂ ಜೋರಾಗಿ ಹೊಡೆಯುತ್ತದೆ.

ಉಪ್ಪನ ಪಾಲು ಏನು? ಮಗು ಎದ್ದಿರುವಾಗ ಅವನಿಲ್ಲ, ಅವನು ಬರುವಾಗ ಅದಕ್ಕೆ ನಿದ್ದೆಯ ಹೊತ್ತು. ದಣಿದು ಬಂದವನಿಗೆ ಸೋಫಾ, ಮೊಬೈಲ್ ಬೇಕೆನಿಸುವುದು ಸಹಜವೇ. ಆದರೆ ದಿನಕ್ಕೆ ಇಪ್ಪತ್ತು ನಿಮಿಷ, ಸ್ನಾನ ಮಾಡಿಸುವುದೋ ಊಟ ಮಾಡಿಸುವುದೋ ಒಂದು ಕೆಲಸ ಪೂರ್ತಿ ಅವನದ್ದೇ ಆದರೆ ಮನೆಯ ಲೆಕ್ಕವೇ ಬದಲಾಗುತ್ತದೆ. ರಜೆಯ ದಿನ ಮಗುವನ್ನು ಮಸೀದಿಗೆ ಕರೆದೊಯ್ಯಲು ಹೆದರುವವರೂ ಇದ್ದಾರೆ, ಸಫ್‌ಗಳ ನಡುವೆ ಓಡಿದರೆ ಯಾರಾದರೂ ಗದರುತ್ತಾರೆ ಅಂತ. ಪ್ರವಾದಿ (ಸ) ಅವರು ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದು, ಸುಜೂದ್‌ಗೆ ಹೋಗುವಾಗ ಇಳಿಸಿ ಏಳುವಾಗ ಮತ್ತೆ ಎತ್ತಿಕೊಂಡದ್ದು ಬುಖಾರಿಯಲ್ಲಿದೆ. ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನೇ ಚಿಕ್ಕದು ಮಾಡುತ್ತಿದ್ದರು ಎಂಬುದೂ ಅಲ್ಲೇ ಇದೆ. ಗದರುವವರಿಗೆ ಇದನ್ನು ನಯವಾಗಿ ನೆನಪಿಸಬಹುದು.

ಇಷ್ಟೆಲ್ಲ ಆದ ಮೇಲೂ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ತಿಂಗಳಿಗೊಮ್ಮೆ ಏಳುತ್ತದೆ: ಇವರನ್ನು ಊರಿಗೆ ಕಳಿಸಿಬಿಡುವುದಾ? ಸೌದಿಯಲ್ಲಿ 2017ರ ಜುಲೈಯಿಂದ ಅವಲಂಬಿತರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಗಿ, ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಯಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್. ಆ ವರ್ಷಗಳಲ್ಲಿ ನಮ್ಮ ಎಷ್ಟೋ ಕುಟುಂಬಗಳು ಹೀಗೇ ಊರು ಸೇರಿದವು. ಅಂಗಳ ಸಿಕ್ಕಿತು, ಅಜ್ಜಿ ಸಿಕ್ಕಿದರು, ತಾಯಿಗೆ ನಿದ್ದೆ ಸಿಕ್ಕಿತು. ಮಗು ಮಾತ್ರ ಉಪ್ಪನನ್ನು ಫೋನಿನೊಳಗಿನ ಮನುಷ್ಯ ಎಂದುಕೊಂಡು ಬೆಳೆಯಿತು. ವರ್ಷ ಕಳೆದು ಬಂದವನನ್ನು ಕಂಡು ಬಾಗಿಲ ಹಿಂದೆ ಅಡಗಿತು. ಹಣದ ಲೆಕ್ಕದಲ್ಲಿ ಯಾವುದು ಸರಿ ಎಂದು ಆಯಾ ಮನೆಯವರೇ ಹೇಳಬೇಕು. ಆದರೆ ಮಗು ತುಂಟ ಎಂಬ ಒಂದೇ ಕಾರಣಕ್ಕೆ ಕಳಿಸುವುದಾದರೆ ಸ್ವಲ್ಪ ತಾಳಬಹುದು. ಹಟ, ರಂಪ ಹೆಚ್ಚಿರುವುದು ಒಂದರಿಂದ ಮೂರು ವರ್ಷದೊಳಗೆ. ಬೇಕು ಬೇಡ ಹೇಳಲು ಮಾತು ಸಾಲದಿರುವುದೇ ಅದರ ದೊಡ್ಡ ಕಾರಣ, ಮಾತು ಬಂದಂತೆ ರಂಪ ಇಳಿಯುತ್ತದೆ.

ರಜೆಗೆ ಹೊರಡುವವರು ಒಂದು ತಾರೀಕು ನೋಡಿಕೊಳ್ಳಬೇಕು. ಎರಡು ವರ್ಷ ತುಂಬುವವರೆಗೆ ಮಗು ವಿಮಾನದಲ್ಲಿ ಮಡಿಲಲ್ಲಿ ಕೂತು ಕಡಿಮೆ ದರದಲ್ಲಿ ಹೋಗಬಹುದು, ತುಂಬಿದ ಮೇಲೆ ಅದಕ್ಕೂ ಬೇರೆ ಸೀಟು ಕೊಳ್ಳಲೇಬೇಕು. ಹೋಗುವಾಗ ಎರಡಾಗಿರದೆ, ಮರಳುವ ಹೊತ್ತಿಗೆ ಎರಡು ತುಂಬುವ ಮಗುವಿಗೆ ಬರುವ ಟಿಕೆಟ್ ಸೀಟಿನದ್ದೇ ಬೇಕು, ಬುಕ್ ಮಾಡುವಾಗಲೇ ಕೇಳಿ ಖಾತ್ರಿ ಮಾಡಿಕೊಳ್ಳದವರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪರದಾಡುತ್ತಾರೆ. ರಾತ್ರಿಯ ವಿಮಾನವಾದರೆ ಮಗು ನಿದ್ದೆ ಮಾಡುತ್ತದೆ. ಏರುವಾಗ ಇಳಿಯುವಾಗ ಕುಡಿಯಲು ಏನಾದರೂ ಕೊಟ್ಟರೆ ಕಿವಿನೋವು ಕಡಿಮೆ. ಮಂಗಳೂರಿನಲ್ಲಿ ಇಳಿದು ಮನೆ ತಲುಪಿದ ಮೇಲೆ ಮೊದಲ ಎರಡು ದಿನ ಆ ತುಂಟ ಮಗು ಉಮ್ಮನ ಸೆರಗು ಬಿಡುವುದಿಲ್ಲ, ಇಷ್ಟು ಜನರನ್ನು ಒಟ್ಟಿಗೆ ಕಂಡು ಬೆರಗಾಗಿರುತ್ತದೆ. ಮೂರನೇ ದಿನ ಅಂಗಳಕ್ಕೆ ಇಳಿಯುತ್ತದೆ, ಚಪ್ಪಲಿ ಹಾಕದೆ.