ಕೀಲಿಕೈಗೆ ಮರೆವುಂಟೆ?

ಕಳೆದ ಜನವರಿಯ ಒಂದು ಸಂಜೆ ಕೆನಡಾ ದೇಶದ ಎಡ್ಮಂಟನ್ ನಗರದಿಂದ ನನ್ನ ಅಕ್ಕ ದೂರವಾಣಿಯಲ್ಲಿ ಮಾತನಾಡಿದಳು. ಅಲ್ಲಿ ಆಗ ಬೆಳಗಿನ ಜಾವ. ಹೊರಗಿನ ಉಷ್ಣತೆ ಸೊನ್ನೆಗಿಂತ 28 ಡಿಗ್ರಿ ಕೆಳಗೆ. ಅಂಥ ಊರಿನಲ್ಲಿ ಅಡಿಗೆಮನೆಯಲ್ಲಿ ನಿಂತೇ ಗುಂಡಿಯೊತ್ತಿ ಅಂಗಳದಲ್ಲಿರುವ ಮೋಟಾರು ಕಾರಿನ ಎಂಜಿನನ್ನು ಚಲಿಸುವಂತೆ ಮಾಡಿ, ಗಾಜಿನ ಮೇಲಣ ಹಿಮ ಸಡಿಲವಾದ ತರುವಾಯ ಹೊರಡುವುದು ವಿಲಾಸವಲ್ಲ, ಅಗತ್ಯ. ಅಕ್ಕನ ಕೀಲಿಕೈಗೆ ಹಿಂದಿನ ರಾತ್ರಿಯಷ್ಟೆ ಹೊಸ ಬ್ಯಾಟರಿ ಹಾಕಿದ್ದರು. ಈಗ ಅದು ಬಾಗಿಲಿನ ಬೀಗವನ್ನು ತೆರೆಯುತ್ತದೆ. ದೂರದಿಂದ ಎಂಜಿನನ್ನು ಮಾತ್ರ ಹೊರಡಿಸದು.

“ಬ್ಯಾಟರಿ ತೆಗೆದಾಗ ಅದಕ್ಕೆ ಎಲ್ಲ ಮರೆತುಹೋಯಿತು ಕಣೋ. ಹೊಸ ಕೀಲಿಕೈಯನ್ನೇ ಕೊಳ್ಳಬೇಕಾಗುವುದೆಂದು ಪಕ್ಕದ ಮನೆಯವರು ಹೇಳುತ್ತಾರೆ” ಎಂದಳು. ಅದಕ್ಕೆ ನೂರಾರು ಡಾಲರುಗಳ ವೆಚ್ಚವುಂಟು.

ಮೊದಲು ಅವಳು ಕೆಲಸಕ್ಕೆ ಹೊರಡಬೇಕಾಗಿತ್ತಷ್ಟೆ. ಕಾರಿನೊಳಗೆ ಕುಳಿತು ಕೀಲಿಕೈಯ ತುದಿಯನ್ನು ಎಂಜಿನಿನ ಗುಂಡಿಗೇ ತಾಗಿಸಿ ಒತ್ತುವಂತೆ ಹೇಳಿದೆ. ಎಂಜಿನು ಹೊರಟಿತು. ಇದರಲ್ಲಿ ಮಂತ್ರವೇನೂ ಇಲ್ಲ. ಇಂಥ ಕೀಲಿಕೈಗಳಲ್ಲಿ ಬ್ಯಾಟರಿಯ ಹಂಗಿಲ್ಲದ ಒಂದು ಚಿಕ್ಕ ಸುರುಳಿಯೂ ಇರುತ್ತದೆ. ಕಾರಿನೊಳಗಿನ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ 50 ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುವಾಗ, ಸಮೀಪದಲ್ಲಿರುವ ಕೀಲಿಕೈಯ ಸುರುಳಿಯಲ್ಲಿಯೂ ವಿದ್ಯುತ್ತು ಪ್ರೇರಿತವಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಆ ಎರವಲು ಶಕ್ತಿಯಿಂದಲೇ ಕೀಲಿಕೈ ತನ್ನ ಗುರುತನ್ನು ಹೇಳಿಕೊಳ್ಳುತ್ತದೆ. ತಾಗಿಸಬೇಕಾದ ಸ್ಥಳ ಕಾರಿನಿಂದ ಕಾರಿಗೆ ಬೇರೆ; ಕೈಪಿಡಿಯಲ್ಲಿ ಅದನ್ನು ಕಾಣಿಸಿರುತ್ತಾರೆ.

ಇನ್ನು ಮರೆವಿನ ಮಾತು. ಗುಂಡಿಯೊತ್ತಿದಾಗ ಕೀಲಿಕೈ ಹೊರಡಿಸುವ ರೇಡಿಯೋ ಸಂದೇಶ ಪ್ರತಿ ಸಲವೂ ಬೇರೆಯಾಗಿರುತ್ತದೆ. ಹಾಗಲ್ಲದಿದ್ದರೆ ಕಳ್ಳನು ಒಮ್ಮೆ ಅದನ್ನು ಕದ್ದು ಕೇಳಿ, ಮರುದಿನ ತಾನೇ ನುಡಿಸಿ ಕಾರನ್ನು ಒಯ್ಯಬಹುದಾಗಿತ್ತು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ‘ಕೀಲಾಕ್’ ಎಂಬ ವಿಧಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೀಲಿಕೈಯಲ್ಲಿ ಒಂದು ಗುಪ್ತಸಂಖ್ಯೆ, ಒಂದು ಎಣಿಕೆ ಇರುತ್ತವೆ. ಪ್ರತಿ ಒತ್ತಿಗೂ ಎಣಿಕೆ ಒಂದರಷ್ಟು ಏರುತ್ತದೆ. ಏರಿದ ಎಣಿಕೆಯನ್ನು ಗುಪ್ತಸಂಖ್ಯೆಯ ನೆರವಿನಿಂದ ಕಲಸಿ ಕಳುಹಿಸಲಾಗುತ್ತದೆ. ಕಾರು ಅದನ್ನು ಬಿಡಿಸಿ ತನ್ನ ಲೆಕ್ಕದೊಡನೆ ಹೋಲಿಸುತ್ತದೆ. ಮಗುವೊಂದು ಆಟಕ್ಕೆ ಹತ್ತು ಸಲ ಒತ್ತಿದರೂ ಚಿಂತೆಯಿಲ್ಲ. ಮುಂದಿನ 16 ಎಣಿಕೆಗಳವರೆಗೆ ಕಾರು ಒಪ್ಪುತ್ತದೆ. ಅದಕ್ಕೂ ಮೀರಿದರೆ ಒಂದರ ಹಿಂದೊಂದು ಎರಡು ಸಂದೇಶಗಳನ್ನು ಕೇಳಿ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ.

ಈ ಸಂಖ್ಯೆಗಳು ಬ್ಯಾಟರಿಯ ಬಲದಿಂದ ಉಳಿದಿರುವುವಲ್ಲ. ಅವಾಹಕವಾದ ಆಕ್ಸೈಡಿನ ತೆಳುಪದರಗಳ ನಡುವೆ ಸೆರೆಸಿಕ್ಕ ವಿದ್ಯುದಂಶದ ರೂಪದಲ್ಲಿ, ಬಿರಡೆ ಹಾಕಿದ ಸೀಸೆಯ ನೀರಿನಂತೆ, ಅವು ವರ್ಷಗಟ್ಟಲೆ ನಿಲ್ಲುತ್ತವೆ. ಕೆಲವು ಹಳೆಯ ಮಾದರಿಗಳಲ್ಲಿ ಬ್ಯಾಟರಿ ತೆಗೆದರೆ ಹೊಂದಾಣಿಕೆ ತಪ್ಪುವುದುಂಟು, ನಿಜ. ಅದನ್ನು ಸರಿಪಡಿಸುವ ಕ್ರಮವೂ ಕೈಪಿಡಿಯಲ್ಲಿಯೇ ಇರುತ್ತದೆ. ಅಕ್ಕನ ಕೀಲಿಕೈಯ ವಿಷಯದಲ್ಲಿ ಆ ಸಂಶಯಕ್ಕೂ ಎಡೆಯಿರಲಿಲ್ಲ. ಗುರುತು ಮರೆತ ಕೀಲಿಕೈ ಬಾಗಿಲನ್ನಾದರೂ ಹೇಗೆ ತೆರೆದೀತು?

ಹಾಗಾದರೆ ಒಪ್ಪದಿರುವುದು ಕಾರೇ ಇರಬಹುದೆ? ದೂರದಿಂದ ಹೊರಡಿಸುವಾಗ ಕಾರು ಬಹು ಜಾಗರೂಕ. ಬಾನೆಟ್ಟು ಸರಿಯಾಗಿ ಮುಚ್ಚಿರದಿದ್ದರೆ, ಗೇರು ನಿಲುಗಡೆಯ ಸ್ಥಾನದಲ್ಲಿರದಿದ್ದರೆ ಅದು ಹೊರಡದು. ಎಂಜಿನಿನ ದೋಷವನ್ನು ಸೂಚಿಸುವ ದೀಪ ಉರಿಯುತ್ತಿದ್ದರೂ ಅನೇಕ ಕಾರುಗಳು ನಿರಾಕರಿಸುತ್ತವೆ. ಒಳಗೆ ಕುಳಿತು ಒಮ್ಮೆ ಹೊರಡಿಸದೆ ದೂರದಿಂದಲೇ ಎರಡು ಸಲ ಹೊರಡಿಸಿದ್ದರೆ ಮೂರನೆಯ ಸಲ ಸುಮ್ಮನಿರುವ ಕಾರುಗಳೂ ಉಂಟು. ಸಂಜೆ ಅಕ್ಕ ಇವನ್ನೆಲ್ಲ ನೋಡಿ, ಕಾರಿನ ಪಕ್ಕದಲ್ಲೇ ನಿಂತು ಗುಂಡಿಯೊತ್ತಿದಳು. ನಾಲ್ಕು ಸಲದಲ್ಲಿ ಒಂದು ಸಲ ಎಂಜಿನು ಹೊರಟಿತು. ಎಂದ ಮೇಲೆ ಕಾರಿಗೆ ಒಪ್ಪಿಗೆಯಿದೆ. ಕೀಲಿಕೈಯ ದನಿಯೇ ಕುಗ್ಗಿದೆ. (ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನು ನಡೆದರೆ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯೊಳಗೆ ಮಲಗಿದವರನ್ನೂ ಅದು ಕೊಲ್ಲಬಲ್ಲುದು.)

“ಹೊಸ ಬ್ಯಾಟರಿ ಸರಿಯಾಗಿಯೇ ಇದೆ, ಮೀಟರಿನಲ್ಲಿ 3.1 ವೋಲ್ಟು ತೋರಿಸುತ್ತದೆ” ಎಂದರು ಭಾವ. ತರಗತಿಯಲ್ಲಿ ನಾನು ಪ್ರತಿ ವರ್ಷವೂ ಕೇಳುವ ಮಾತಿದು. ನಮ್ಮ ಬೀದಿಯ ನಲ್ಲಿಯನ್ನು ನೆನೆಯಿರಿ. ಕೊಳವೆಯಲ್ಲಿ ಕಸ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವತನಕ ಒತ್ತಡ ಪೂರ್ಣವಾಗಿಯೇ ಇರುತ್ತದೆ. ತಿರುಗಿಸಿದಾಗಲೇ ನಿಜ ಹೊರಬೀಳುವುದು. ವೋಲ್ಟುಮೀಟರು ಬಹುಮಟ್ಟಿಗೆ ಮುಚ್ಚಿದ ನಲ್ಲಿಯೇ ಸರಿ, ಏಕೆಂದರೆ ಅದು ಸೆಳೆಯುವ ವಿದ್ಯುತ್ತು ಅತ್ಯಲ್ಪ. ಕೀಲಿಕೈ ಸಂದೇಶ ಕಳುಹಿಸುವಾಗ 15 ಮಿಲಿಆಂಪಿಯರು ಸೆಳೆಯುವುದೆಂದು ಇಟ್ಟುಕೊಳ್ಳೋಣ. ಹೊಸ ಬ್ಯಾಟರಿಯ ಆಂತರಿಕ ರೋಧ 15 ಓಮು ಇದ್ದರೆ ನಷ್ಟವಾಗುವುದು ಕಾಲು ವೋಲ್ಟಿಗಿಂತ ಕಡಿಮೆ. ಆದರೆ ಬ್ಯಾಟರಿಗೂ ಲೋಹದ ಪಟ್ಟಿಗೂ ನಡುವೆ ಇನ್ನು 60 ಓಮು ಸೇರಿಕೊಂಡರೆ 1.1 ವೋಲ್ಟಿಗೂ ಹೆಚ್ಚು ನಷ್ಟವಾಗಿ, 3 ವೋಲ್ಟಿನಲ್ಲಿ ಎರಡೂ ಉಳಿಯವು. ಬೀಗಕ್ಕೆ ಕ್ಷಣದ ಒತ್ತು ಸಾಕು. ಎಂಜಿನಿಗೋ ಗುಂಡಿಯನ್ನು ಮೂರು ನಾಲ್ಕು ಸೆಕೆಂಡು ಒತ್ತಿಹಿಡಿಯಬೇಕು. ಅಷ್ಟರೊಳಗೆ ಶಕ್ತಿ ಕುಸಿಯುತ್ತದೆ. ಒಂದೇ ಕೀಲಿಕೈ ಒಂದು ಕೆಲಸವನ್ನು ಮಾಡಿ ಇನ್ನೊಂದನ್ನು ಮಾಡದಿದ್ದುದರ ಗುಟ್ಟು ಇದು.

ಆ ಹೆಚ್ಚಿನ ರೋಧ ಬಂದುದೆಲ್ಲಿಂದ? “ಪೊಟ್ಟಣದ ಮೇಲೆ ಏನು ಬರೆದಿದೆ, ಓದಕ್ಕಾ” ಎಂದೆ. ಸಿಆರ್ 2032, ಅಂದರೆ 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪದ ಲಿಥಿಯಂ ಬಿಲ್ಲೆ, ಸರಿಯಾದುದೇ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಕಹಿಲೇಪ ಬಳಿದಿದೆ ಎಂದಿತ್ತು.

ಈ ಲೇಪ ಅನಾವಶ್ಯಕವೆಂದು ನಾನು ಹೇಳಲಾರೆ. ನುಂಗಿದ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ದೇಹದ ತೇವದ ಮೂಲಕವೇ ವಿದ್ಯುತ್ತು ಹರಿದು, ಋಣಧ್ರುವದ ಬಳಿ ತೀಕ್ಷ್ಣವಾದ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೇ ಘೋರವಾದ ಸುಟ್ಟಗಾಯವಾಗಬಹುದು. ಕಹಿಗಾಗಿ ಬಳಸುವ ಡೆನಟೋನಿಯಂ ಎಂಬ ವಸ್ತುವನ್ನು ಸ್ಕಾಟ್ಲೆಂಡಿನಲ್ಲಿ 1958ರಲ್ಲಿ ಕಂಡುಹಿಡಿದರು. ಅದರ ಲೇಶಮಾತ್ರವೂ ನಾಲಗೆಗೆ ಅಸಹ್ಯ. ಆದರೆ ಪಟ್ಟಿ ಮುಟ್ಟುವ ಸ್ಥಳದಲ್ಲಿಯೇ ಲೇಪ ಬಿದ್ದರೆ ವಿದ್ಯುತ್ತಿನ ದಾರಿಗೆ ಅಡ್ಡಿ. ತನ್ನ ಏರ್‌ಟ್ಯಾಗ್ ಎಂಬ ಸಾಧನದಲ್ಲಿ ಇಂಥ ಬಿಲ್ಲೆಗಳು ಕೆಲಸ ಮಾಡದಿರಬಹುದೆಂದು ಆಪಲ್ ಸಂಸ್ಥೆಯೇ ಗ್ರಾಹಕರಿಗೆ ತಿಳಿಸಿದೆ.

ಅಕ್ಕನ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಆದ್ದರಿಂದ ಲೇಪವನ್ನೆಲ್ಲ ಅಳಿಸಬೇಡವೆಂದೆ. ಪಟ್ಟಿ ತಾಗುವ ಚುಕ್ಕೆಯಷ್ಟು ಜಾಗವನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಭಾವ ಒರೆಸಿದರು. ಕುಗ್ಗಿದ್ದ ಪಟ್ಟಿಯನ್ನು ಕಡ್ಡಿಯ ತುದಿಯಿಂದ ಕೂದಲೆಳೆಯಷ್ಟು ಮೇಲೆತ್ತಿ, ಧನಚಿಹ್ನೆಯ ಮುಖವನ್ನು ಮೊದಲಿದ್ದಂತೆಯೇ ಇಟ್ಟು ಮುಚ್ಚಿದರು. ಮರುದಿನ ಬೆಳಗ್ಗೆ ಅಡಿಗೆಮನೆಯ ಕಿಟಕಿಯಾಚೆ ಎಂಜಿನು ಗುರುಗುಟ್ಟುವುದನ್ನು ಅಕ್ಕ ನನಗೂ ಕೇಳಿಸಿದಳು.

“ಹಳೆಯ ಬಿಲ್ಲೆ ಎಲ್ಲಿದೆ?” ಎಂದು ವಿಚಾರಿಸಿದೆ. ಊಟದ ಮೇಜಿನ ಮೇಲೆಯೇ ಬಿದ್ದಿತ್ತು. ಸಂದೇಶ ಕಳುಹಿಸಲಾರದಷ್ಟು ಸೋತ ಬಿಲ್ಲೆಯಲ್ಲಿಯೂ ಗಂಟಲನ್ನು ಸುಡುವಷ್ಟು ಕಸುವು ಉಳಿದಿರುತ್ತದೆ. ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಮರಳಿ ಒಪ್ಪಿಸುವವರೆಗೆ ಎತ್ತರದ ಕಪಾಟಿನಲ್ಲಿಡುವಂತೆ ಹೇಳಿದೆ. ಅವಳು ಅದನ್ನು ಸುತ್ತುವವರೆಗೂ ನಾನು ದೂರವಾಣಿಯನ್ನು ಇಡಲಿಲ್ಲ.