ಸೈಕಲ್ ಸವಾರರು ರಸ್ತೆಯಲ್ಲಿ ಎಲ್ಲಿ ಸಾಗಬೇಕು?



ಬೆಳಗಿನ ಜಾವ ಡೈರಿಗೆ ಹಾಲು ಒಯ್ಯಲು, ಸಂಜೆ ಹೊಲದಿಂದ ಹಸಿಹುಲ್ಲು ತರಲು ನಮ್ಮಲ್ಲಿ ಅನೇಕರಿಗೆ ಇಂದಿಗೂ ಸೈಕಲ್ಲೇ ಆಧಾರ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಸ್ಸು, ಲಾರಿಗಳ ನಡುವೆ ಸಾಗುವವರು ಕೆಲವು ವಿಷಯಗಳನ್ನು ಅವಶ್ಯವಾಗಿ ತಿಳಿದಿರಬೇಕು.

ಎಡಗಡೆಯಲ್ಲೇ ಸಾಗಬೇಕು. "ಬಲಗಡೆ ಹೋದರೆ ಎದುರಿನ ವಾಹನ ಕಾಣುತ್ತದೆ" ಎನ್ನುವವರುಂಟು. ಇದು ನಡೆದುಹೋಗುವವರಿಗೆ ಸರಿ, ಸವಾರರಿಗಲ್ಲ. ಗಂಟೆಗೆ 60 ಕಿ.ಮೀ. ವೇಗದ ಬಸ್ಸಿಗೆ 12 ಕಿ.ಮೀ. ವೇಗದ ಸೈಕಲ್ ಎದುರಾದರೆ ನಡುವಣ ಅಂತರ ಸೆಕೆಂಡಿಗೆ 20 ಮೀಟರಿನಂತೆ ಕರಗುತ್ತದೆ. ಬಸ್ಸು ಹಿಂದಿನಿಂದ ಬಂದರೆ ಸುಮಾರು 13 ಮೀಟರು ಮಾತ್ರ. ಚಾಲಕನಿಗೆ ವೇಗ ತಗ್ಗಿಸಲು ಅಷ್ಟು ಹೆಚ್ಚು ಸಮಯ ಸಿಗುತ್ತದೆ.

ಎಡಗಡೆ ಎಂದರೆ ಡಾಂಬರಿನ ತುದಿಯಲ್ಲ. ತುದಿ ಮುರಿದು, ಪಕ್ಕದ ಮಣ್ಣು ತಗ್ಗಾಗಿರುವುದನ್ನು ನೀವೆಲ್ಲ ಕಂಡಿದ್ದೀರಿ. ನಾನೂ ಒಮ್ಮೆ ಬಿತ್ತನೆ ಬೀಜದ ಚೀಲ ಕಟ್ಟಿಕೊಂಡು ಹೋಗುವಾಗ ಬಸ್ಸಿನ ಹಾರನ್ನಿಗೆ ಬೆದರಿ ಸೈಕಲನ್ನು ಮಣ್ಣಿಗೆ ಇಳಿಸಿದೆ. ಮತ್ತೆ ಹತ್ತಿಸುವಾಗ ಚಕ್ರ ಅಂಚಿಗೆ ಸಿಕ್ಕಿ ರಸ್ತೆಯ ಕಡೆಗೇ ಬಿದ್ದೆ. ಬಸ್ಸು ಆಗಲೇ ದಾಟಿದ್ದರಿಂದ ಉಳಿದೆ. ಆದುದರಿಂದ ಅಂಚಿನಿಂದ ಸುಮಾರು ಎರಡು ಮೊಳ ಒಳಗೆ, ನೇಗಿಲ ಸಾಲಿನಂತೆ ನೇರವಾಗಿ ಸಾಗಿರಿ. ದಾರಿ ಬಿಡಬೇಕಾದರೆ ಮೊದಲೇ ನಿಧಾನಿಸಿ, ಸಮನಾದ ಜಾಗ ನೋಡಿ ಇಳಿಯಿರಿ. ಮತ್ತೆ ರಸ್ತೆಗೆ ಬರುವಾಗ ಸೈಕಲನ್ನು ತಳ್ಳಿಕೊಂಡೇ ಹತ್ತಿಸಿರಿ.

ರಾಗಿ, ಹುರುಳಿ ಒಕ್ಕಣೆಗೆ ಹರಡಿದ ಕಡೆ ಸವಾರನು ನಡುರಸ್ತೆಗೆ ಬರಲೇಬೇಕಾಗುತ್ತದೆ. ದೂರದಲ್ಲೇ ಹಿಂತಿರುಗಿ ನೋಡಿ, ಬಲಗೈ ಚಾಚಿ, ವಾಹನ ಇಲ್ಲದಿದ್ದರೆ ಮಾತ್ರ ಬನ್ನಿರಿ. ಒಕ್ಕಣೆಯನ್ನು ಕಣದಲ್ಲೇ ಮಾಡಿದರೆ ಈ ಅಪಾಯವೇ ಇರದು. ಇದು ನಮ್ಮ ಕೈಯಲ್ಲೇ ಇದೆ.

ಕೃಷ್ಣರಾಜನಗರದ ಕಡೆ ಕಬ್ಬಿನ ಟ್ರಾಕ್ಟರು ಎಡಕ್ಕೆ ತಿರುಗುವಾಗ ಅದರ ಎಡಪಕ್ಕದಲ್ಲಿ ನುಗ್ಗಬೇಡಿರಿ. ಟ್ರೇಲರಿನ ಚಕ್ರಗಳು ಎಂಜಿನ್ನಿನ ಜಾಡಿನಲ್ಲೇ ಬರದೆ ಒಳಕ್ಕೆ ಸರಿದು ಬರುತ್ತವೆ. ನೀವು ಬಲಕ್ಕೆ ತಿರುಗಬೇಕಾದರೆ ಎಡಬದಿಯಲ್ಲಿ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟುವುದು ಕ್ಷೇಮ.

ಹೆಗ್ಗಡದೇವನಕೋಟೆಯ ಕಾಡಂಚಿನ ರಸ್ತೆಗಳಲ್ಲಿ ಬೇಗ ಕತ್ತಲಾಗುತ್ತದೆ. ಹಿಂದಿನ ಕೆಂಪು ರಿಫ್ಲೆಕ್ಟರನ್ನು ಹುಲ್ಲಿನ ಹೊರೆ ಮುಚ್ಚಿದರೆ ಚಾಲಕನಿಗೆ ಸೈಕಲ್ ಕಾಣುವುದೇ ಇಲ್ಲ. ಹೊರೆಯ ಹಿಂಭಾಗಕ್ಕೇ ಇನ್ನೊಂದು ರಿಫ್ಲೆಕ್ಟರ್ ಕಟ್ಟಿರಿ.

ಈ ಮಾತುಗಳನ್ನು ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೂ ತಿಳಿಸಿರಿ. ಡೈರಿಗೆ ಐದು ನಿಮಿಷ ತಡವಾದರೂ ಚಿಂತೆಯಿಲ್ಲ, ಮನೆಗೆ ಕ್ಷೇಮವಾಗಿ ಮರಳುವುದು ಮುಖ್ಯ.