ಮೈದಾನವಿಲ್ಲದ ಕ್ರಿಕೆಟ್

ಆಟದಲ್ಲಿ ಎರಡು ಬಗೆಯ ಸುಖವುಂಟೆಂದು ಹಿರಿಯರು ತಿಳಿದಿದ್ದರು. ಮೈ ಬೆವರಿಸಿ ಆಡುವವನ ಸುಖ ಒಂದು. ನೆರಳಲ್ಲಿ ಕುಳಿತು ನೋಡುವವನ ಸುಖ ಇನ್ನೊಂದು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಇಲ್ಲಿ ಆಡುವವನು ಬ್ಯಾಟು ಮುಟ್ಟುವುದಿಲ್ಲ, ಚೆಂಡು ಹಿಡಿಯುವುದಿಲ್ಲ. ಆದರೂ ಆತ ತಂಡ ಕಟ್ಟುತ್ತಾನೆ, ನಾಯಕನನ್ನು ನೇಮಿಸುತ್ತಾನೆ, ಗೆದ್ದರೆ ಬೀಗುತ್ತಾನೆ, ಸೋತರೆ ಊಟ ಬಿಡುತ್ತಾನೆ. ಮೈದಾನದಲ್ಲಿ ಓಡಾಡುವ ಹನ್ನೊಂದು ಮಂದಿಗೆ ತಾವು ಈತನ ತಂಡದವರೆಂಬ ಸಂಗತಿಯೇ ಗೊತ್ತಿರುವುದಿಲ್ಲ! ಇದೇ ಕಲ್ಪನೆಯ ಕ್ರಿಕೆಟ್. ಬಳಕೆಯ ಮಾತಿನಲ್ಲಿ ಫ್ಯಾಂಟಸಿ ಕ್ರಿಕೆಟ್.

ಕಲಾಸಿಪಾಳ್ಯದಂತಹ ಸ್ಥಳದಲ್ಲಿ ಈ ಆಟ ಬೇರೂರಿದ್ದು ಆಶ್ಚರ್ಯವಲ್ಲ. ಒಂದು ಕಡೆ ಹಳೆಯ ಕೋಟೆ, ಟೀಪುವಿನ ಬೇಸಗೆಯ ಅರಮನೆ, ಕೋಟೆ ವೆಂಕಟರಮಣಸ್ವಾಮಿಯ ಗುಡಿ. ಇನ್ನೊಂದು ಕಡೆ ಬಸ್ ನಿಲ್ದಾಣ, ಲಾರಿಗಳ ಪಾರ್ಸೆಲ್ ಕಚೇರಿಗಳು, ತರಕಾರಿಯ ಸಗಟು ಮಂಡಿ. ಇಲ್ಲಿ ಹಗಲು ರಾತ್ರಿಗಳಿಗೆ ಭೇದ ಕಡಮೆ. ಲಾರಿ ತುಂಬುವ ತನಕ, ಬಸ್ಸು ಹೊರಡುವ ತನಕ, ಮಂಡಿಗೆ ಮಾಲು ಬರುವ ತನಕ ಕಾಯುವುದೇ ಬಹುಮಂದಿಯ ಕೆಲಸದಲ್ಲಿ ಅರ್ಧ ಪಾಲು. ಕಾಯುವವನಿಗೆ ಕಾಲ ನೂಕಲು ಮಾತೊಂದು ಬೇಕು. ಬೆಂಗಳೂರಿನಲ್ಲಿ ಆ ಮಾತು ಕ್ರಿಕೆಟ್ಟಿನದಲ್ಲದೆ ಮತ್ತೇನಾದೀತು?

ಪುಸ್ತಕದ ಕ್ರಿಕೆಟ್ಟಿನಿಂದ

ಈ ಆಟದ ಮನೋಧರ್ಮ ನಮಗೆ ಹೊಸತೇನಲ್ಲ. ಮೇಷ್ಟರ ಕಣ್ಣು ತಪ್ಪಿಸಿ ಹಿಂದಿನ ಬೆಂಚಿನಲ್ಲಿ ಪಠ್ಯಪುಸ್ತಕ ತೆರೆದು, ಪುಟಸಂಖ್ಯೆಯ ಕೊನೆಯ ಅಂಕಿಯನ್ನೇ ರನ್ನೆಂದು ಎಣಿಸಿ, ಸೊನ್ನೆ ಬಂದರೆ ಔಟೆಂದು ತಲೆ ಚಚ್ಚಿಕೊಂಡ ಹುಡುಗರು ಎಷ್ಟಿಲ್ಲ! ಆದರೆ ಅಲ್ಲಿ ಎಲ್ಲವೂ ಅದೃಷ್ಟ. ಕಲ್ಪನೆಯ ಕ್ರಿಕೆಟ್ಟಿನಲ್ಲಿ ಅದೃಷ್ಟದ ಜೊತೆಗೆ ತಿಳಿವಳಿಕೆಯೂ ಬೇಕು.

ಅದರ ಕ್ರಮ ಸರಳವಾದದ್ದು. ನಡೆಯಲಿರುವ ಪಂದ್ಯದ ಎರಡೂ ತಂಡಗಳಿಂದ ಹನ್ನೊಂದು ಮಂದಿಯನ್ನು ಆರಿಸಬೇಕು. ಪ್ರತಿ ಆಟಗಾರನಿಗೂ ಒಂದು ಬೆಲೆ ಕಟ್ಟಿರುತ್ತದೆ. ಕೈಯಲ್ಲಿರುವ ಗಂಟು ಮಿತವಾದದ್ದು. ಆದಕಾರಣ ಹೆಸರುವಾಸಿಗಳನ್ನೇ ತುಂಬಿಕೊಳ್ಳುವಂತಿಲ್ಲ. ನಾಲ್ವರು ದೊಡ್ಡವರನ್ನು ಕೊಂಡವನು ಉಳಿದ ಕಡೆ ಅಗ್ಗದ ಸರಕು ಹುಡುಕಬೇಕು. ಆಟಗಾರ ಹೊಡೆದ ಪ್ರತಿ ರನ್ನಿಗೂ, ಕೆಡವಿದ ವಿಕೆಟ್ಟಿಗೂ, ಹಿಡಿದ ಕ್ಯಾಚಿಗೂ ಅಂಕಗಳುಂಟು. ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿ. ಉಪನಾಯಕನದು ಒಂದೂವರೆ ಪಟ್ಟು. ಸೊನ್ನೆಗೆ ಔಟಾದ ಬ್ಯಾಟುಗಾರ ಇದ್ದ ಅಂಕವನ್ನೂ ಕಳೆಯುತ್ತಾನೆ.

ನ್ಯೂಯಾರ್ಕಿನ ಊಟದ ಮೇಜು

ಇದರ ಮೂಲ ಅಮೆರಿಕದ ಬೇಸ್‌ಬಾಲ್. 1960ರಲ್ಲಿ ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರಜ್ಞ ತನ್ನ ಮಿತ್ರರೊಡನೆ ಇಂಥದೊಂದು ಆಟ ಹೂಡಿ ಅದಕ್ಕೆ ‘ಬೇಸ್‌ಬಾಲ್ ಸೆಮಿನಾರ್’ ಎಂದು ಗಂಭೀರ ನಾಮಕರಣ ಮಾಡಿದ. ಆ ಕೂಟದಲ್ಲಿದ್ದ ಪ್ರಾಧ್ಯಾಪಕ ರಾಬರ್ಟ್ ಸ್ಕ್ಲಾರ್‌ನಿಂದ ಅದನ್ನು ಕೇಳಿ ತಿಳಿದ ಶಿಷ್ಯ ಡೇನಿಯಲ್ ಓಕ್ರೆಂಟ್ 1980ರಲ್ಲಿ ಹೊಸ ರೂಪ ಕೊಟ್ಟ. ಆತನೂ ಗೆಳೆಯರೂ ನ್ಯೂಯಾರ್ಕಿನ ‘ಲಾ ರೋಟಿಸರಿ ಫ್ರಾನ್ಸೇಸ್’ ಎಂಬ ಊಟದ ಮನೆಯಲ್ಲಿ ಸೇರುತ್ತಿದ್ದುದರಿಂದ ಆಟಕ್ಕೆ ‘ರೋಟಿಸರಿ ಲೀಗ್’ ಎಂದೇ ಹೆಸರಾಯಿತು. ಆಟಗಾರರನ್ನು ಹರಾಜಿನಲ್ಲಿ ಕೂಗಿ ಕೊಳ್ಳುವುದು, ಪತ್ರಿಕೆಯ ಅಂಕಿಸಂಖ್ಯೆಗಳನ್ನು ಕೈಯಲ್ಲೇ ಕೂಡಿ ಕಳೆಯುವುದು, ಋತುವಿನ ಕೊನೆಗೆ ಗೆದ್ದವನ ತಲೆಯ ಮೇಲೆ ಚಾಕೊಲೇಟ್ ಪಾನೀಯ ಸುರಿಯುವುದು, ಇವೆಲ್ಲ ಅವರ ಸಂಪ್ರದಾಯ. 1981ರಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದಾಗ ಬರೆಯಲು ವಿಷಯವಿಲ್ಲದ ಪತ್ರಕರ್ತರು ಈ ಆಟದ ಬಗ್ಗೆ ಬರೆದರು. ಅದು ದೇಶವೆಲ್ಲ ಹಬ್ಬಿತು. ವಿಧಿಯ ಹಾಸ್ಯವನ್ನು ನೋಡಿ: ಆಟ ಕಟ್ಟಿದ ಓಕ್ರೆಂಟನಿಗೆ ತನ್ನ ಲೀಗಿನಲ್ಲಿ ಒಮ್ಮೆಯೂ ಗೆಲವು ಒಲಿಯಲಿಲ್ಲ!

ಒಂದೇ ತಾರೀಖು, ಎರಡು ಭಾಗ್ಯ

ನಮ್ಮಲ್ಲಿ ಈ ಆಟಕ್ಕೆ ಬಲ ಬಂದದ್ದು ಐ.ಪಿ.ಎಲ್. ಪಂದ್ಯಾವಳಿಯಿಂದ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಪಂದ್ಯದಲ್ಲೇ ಕೋಲ್ಕತ್ತದ ಬ್ರೆಂಡನ್ ಮೆಕಲಮ್ 158 ರನ್ ಬಾರಿಸಿದ. ಬೆಂಗಳೂರಿನ ಇಡೀ ತಂಡ ಕೂಡಿಸಿದ್ದು 82. ಎದುರಾಳಿಯನ್ನು ನಂಬಿದವನಿಗೆ ಲಾಭ, ಊರನ್ನು ನಂಬಿದವನಿಗೆ ನಷ್ಟ ಎಂಬ ಪಾಠ ಅಂದೇ ಆಯಿತು.

ಭಾಗ್ಯಚಕ್ರ ಹೇಗೆ ತಿರುಗುವುದೆಂಬುದಕ್ಕೆ ಏಪ್ರಿಲ್ 23ನೆಯ ತಾರೀಖಿಗಿಂತ ಒಳ್ಳೆಯ ಸಾಕ್ಷಿ ಬೇಡ. 2013ರ ಆ ದಿನ ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ 66 ಚೆಂಡುಗಳಲ್ಲಿ ಔಟಾಗದೆ 175 ರನ್ ಹೊಡೆದ, ಸಿಕ್ಸರುಗಳೇ 17. ಸಾಲದೆಂಬಂತೆ ಚೆಂಡೆಸೆದು ಎರಡು ವಿಕೆಟ್ಟನ್ನೂ ಕಿತ್ತ. ರನ್ನಿಗೊಂದು ಅಂಕವೆಂದರೂ ಗೇಲನನ್ನು ನಾಯಕನನ್ನಾಗಿ ಮಾಡಿಕೊಂಡವನಿಗೆ ಬ್ಯಾಟಿನಿಂದಲೇ 350. ಬೆಂಗಳೂರಿನ ಮೊತ್ತ 263. ನಾಲ್ಕು ವರ್ಷ ಕಳೆದು, 2017ರ ಅದೇ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ ಅದೇ ಬೆಂಗಳೂರು 49 ರನ್ನಿಗೆ ಉರುಳಿತು. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಕೊಹ್ಲಿಯದು ಸೊನ್ನೆ, ಗೇಲನದು ಏಳು. ಹಳೆಯ ನೆನಪಿನಿಂದ ಅವನಿಗೇ ಪಟ್ಟ ಕಟ್ಟಿದವನಿಗೆ ಬ್ಯಾಟಿನಿಂದ ದಕ್ಕಿದ್ದು ಹದಿನಾಲ್ಕು!

ಅಭಿಮಾನವೋ, ಅಂಕವೋ?

ಗೆಳೆಯರ ಕೂಟದಲ್ಲಿ ಈ ಆಟ ಮನುಷ್ಯಸ್ವಭಾವದ ಕನ್ನಡಿಯಾಗುತ್ತದೆ. ಪ್ರತಿ ಕೂಟದಲ್ಲೂ ಒಬ್ಬ ಪಂಡಿತನಿರುತ್ತಾನೆ. ಪಿಚ್ಚಿನ ಗುಣ, ಗಾಳಿಯ ದಿಕ್ಕು, ಹಿಂದಿನ ಐದು ಪಂದ್ಯಗಳ ಲೆಕ್ಕ ಎಲ್ಲವೂ ಅವನ ನಾಲಗೆಯ ಮೇಲೆ. ಒಬ್ಬ ಅದೃಷ್ಟವಂತನಿರುತ್ತಾನೆ; ಟಾಸಿಗೆ ಎರಡು ನಿಮಿಷವಿರುವಾಗ ಕಣ್ಣುಮುಚ್ಚಿ ತಂಡ ಕಟ್ಟಿ ಪಂಡಿತನನ್ನು ಸೋಲಿಸುತ್ತಾನೆ. ಇನ್ನೊಬ್ಬ ತಕರಾರುಗಾರ, ರನ್ನೌಟಿನ ಅಂಕ ಚೆಂಡೆಸೆದವನಿಗೋ, ಬೇಲ್ಸು ಕೆಡವಿದವನಿಗೋ ಎಂದು ನಡುರಾತ್ರಿಯವರೆಗೆ ವಾದ ಹೂಡುತ್ತಾನೆ. ಮತ್ತೊಬ್ಬ ನಿಷ್ಠಾವಂತ, ಬೆಂಗಳೂರಿನ ವಿರುದ್ಧ ಚೆಂಡೆಸೆಯುವವನನ್ನು ತನ್ನ ತಂಡಕ್ಕೆ ಸೇರಿಸಿಕೊಳ್ಳುವುದೇ ಪಾಪವೆಂದು ಬಗೆದು, ವರ್ಷವರ್ಷವೂ ಕೊನೆಯ ಸ್ಥಾನದಲ್ಲಿ ಸುಖವಾಗಿರುತ್ತಾನೆ.

ನಿಜವಾದ ಸಂಕಟ ಇರುವುದು ಇವರ ನಡುವಿನವನಿಗೆ. ಲೆಕ್ಕ ನೋಡಿ ಎದುರಾಳಿಯ ಬೌಲರನನ್ನು ಕೊಂಡಿದ್ದಾನೆ. ಆತ ಕೊಹ್ಲಿಯ ವಿಕೆಟ್ ಕೆಡವುತ್ತಾನೆ. ಕೂಟದಲ್ಲಿ ಅಂಕ ಏರಿತು. ಎದೆಯಲ್ಲಿ ಏನೋ ಇಳಿಯಿತು. “ಏನ್ ಗುರೂ, ನಗೋದೋ ಅಳೋದೋ ಬೇಗ ಹೇಳು” ಎಂದು ಪಕ್ಕದವನು ಕೆಣಕಿದರೆ ಉತ್ತರವೇ ಹೊಳೆಯುವುದಿಲ್ಲ. 2016ರಲ್ಲಿ ಕೊಹ್ಲಿ ಒಂದೇ ಪಂದ್ಯಾವಳಿಯಲ್ಲಿ 973 ರನ್ ಗಳಿಸಿದಾಗ ಮಾತ್ರ ಅಭಿಮಾನವೂ ಅಂಕವೂ ಒಂದೇ ದಾರಿಯಲ್ಲಿ ನಡೆದವು.

ಕಾಸು ಕಾಲಿಟ್ಟಾಗ

ಸೋತವರು ಗೆದ್ದವನಿಗೆ ಕಾಫಿ, ದೋಸೆ ಕೊಡಿಸುವ ತನಕ ಇದು ವಿನೋದ. ಆದರೆ 2008ರಲ್ಲಿ ಸ್ಥಾಪನೆಯಾದ ಡ್ರೀಮ್ ಇಲೆವೆನ್ ಮೊದಲಾದ ಸಂಸ್ಥೆಗಳು ಮೊಬೈಲಿನಲ್ಲಿ ಈ ಆಟವನ್ನು ತೆರೆದು, ಪ್ರವೇಶಧನ ಪಡೆದು, ಬಹುಮಾನ ಹಂಚತೊಡಗಿದ ಮೇಲೆ ಸ್ಪರ್ಧಿ ಪಕ್ಕದ ಗೆಳೆಯನಾಗಿ ಉಳಿಯಲಿಲ್ಲ. ಮುಖವರಿಯದ ಲಕ್ಷಾಂತರ ಮಂದಿಯಾದರು. 2020ರ ಐ.ಪಿ.ಎಲ್.ಗೆ ಆ ಸಂಸ್ಥೆ 222 ಕೋಟಿ ರೂಪಾಯಿ ತೆತ್ತು ತನ್ನ ಹೆಸರನ್ನೇ ಅಂಟಿಸಿತೆಂದರೆ ವ್ಯಾಪಾರದ ಅಳತೆ ತಿಳಿದೀತು. ಗೆಳೆಯನೆದುರು ಸೋತವನು ನಾಳೆ ತೀರಿಸಿಕೊಳ್ಳುವೆನೆಂದು ನಕ್ಕು ಏಳುತ್ತಾನೆ. ಒಬ್ಬನೇ ಮೂಲೆಯಲ್ಲಿ ಕುಳಿತು ಸೋತವನನ್ನು “ಸಾಕು, ಏಳಯ್ಯಾ” ಎನ್ನುವವರಿಲ್ಲ. ಮನೆಯ ಬಾಡಿಗೆ, ಮಕ್ಕಳ ಫೀಜು ಕರಗುವುದು ಇಂಥ ಏಕಾಂತದಲ್ಲಿ. ಧರ್ಮರಾಯನಿಗೂ ಪಗಡೆಯ ಹಾಸಿನಿಂದ ಏಳುವುದೇ ಕಷ್ಟವಾಯಿತಲ್ಲವೆ?

ಇದು ಜಾಣ್ಮೆಯೋ ಜೂಜೋ ಎಂಬ ವಿವಾದ ನ್ಯಾಯಾಲಯಗಳ ಮೆಟ್ಟಿಲೇರಿತು. ಕುದುರೆಯೋಟ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತ್ತು; ಕಲ್ಪನೆಯ ಕ್ರೀಡೆಯೂ ಜಾಣ್ಮೆಯದೇ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2017ರಲ್ಲಿ ಹೇಳಿತು. ಕರ್ನಾಟಕ ಸರ್ಕಾರ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರಿನಲ್ಲಿ ಜಾರಿಯಾದಾಗ, ಪಂದ್ಯಾವಳಿ ನಡೆಯುತ್ತಿದ್ದಂತೆಯೇ, ಈ ರಾಜ್ಯದವರಿಗೆ ಡ್ರೀಮ್ ಇಲೆವೆನ್‌ನ ಬಾಗಿಲು ಮುಚ್ಚಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಶಾಸನ ಮಾಡಿತು: ಜಾಣ್ಮೆಯೋ ಅದೃಷ್ಟವೋ, ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳೆಲ್ಲ ನಿಷಿದ್ಧ, ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್ ಇಲೆವೆನ್ ಹಣದ ಪಂದ್ಯಗಳನ್ನು ನಿಲ್ಲಿಸಿತು. ಭಾರತ ತಂಡದ ಅಂಗಿಯ ಮೇಲಿಂದಲೂ ಅದರ ಹೆಸರು ಅಳಿಯಿತು.

ಉಳಿಯುವುದು ಯಾವುದು?

ಹಣ ಹೋದ ಮಾತ್ರಕ್ಕೆ ಆಟ ಹೋಗಬೇಕಾದ್ದಿಲ್ಲ. ಓಕ್ರೆಂಟನ ಗೆಳೆಯರಿಗೆ ಬೇಕಾಗಿದ್ದುದು ಒಂದು ಪತ್ರಿಕೆ, ಒಂದು ಪೆನ್ಸಿಲು, ಸುತ್ತ ಕೂರಲು ಒಂದು ಮೇಜು. ಪಾರ್ಸೆಲ್ ಕಚೇರಿಯ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳೂ ಆ ಕೆಲಸಕ್ಕೆ ಒದಗಬಲ್ಲವು.

ಹದಿನೆಂಟು ವರ್ಷ ಕಾದ ಬೆಂಗಳೂರು ತಂಡ 2025ರ ಜೂನ್ 3ರಂದು ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಮೊದಲ ಸಲ ಕಿರೀಟ ಧರಿಸಿತು. ಮರುದಿನ ಚಿನ್ನಸ್ವಾಮಿಯ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಹೋದವು. ಹನ್ನೊಂದು ಎಂಬ ಸಂಖ್ಯೆ ಕ್ರಿಕೆಟ್ ಪ್ರಿಯರ ಬಾಯಲ್ಲಿ ಸಾವಿರ ಸಲ ಬಂದಿರಬಹುದು. ಅಷ್ಟು ಭಾರವಾಗಿ ಎಂದೂ ಬಂದಿರಲಾರದು. ಆಟದ ಅಂಕಗಳಿಗೆ ಎಷ್ಟು ಬೆಲೆ, ಆಟ ಕೂಡಿಸುವ ಮನುಷ್ಯರಿಗೆ ಎಷ್ಟು ಬೆಲೆ ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಕಲ್ಪನೆಯ ತಂಡದ ಆಟಗಾರರು ಪಂದ್ಯ ಮುಗಿದೊಡನೆ ಚದುರಿಹೋಗುತ್ತಾರೆ. ಆ ನೆಪದಲ್ಲಿ ಸೇರಿದ ಗೆಳೆಯರು ಮಾತ್ರ ನಿಜವಾದವರು. ಮುಂದಿನ ಋತುವಿಗೂ ಅವರನ್ನೇ ಉಳಿಸಿಕೊಳ್ಳಬಲ್ಲವನೇ ಲೀಗಿನಲ್ಲಿ ಗೆದ್ದವನು.